ಗುರಿಯ ಕೋವಿಯನ್ನು ಆರಿಸುವ ಬಗೆ

ಕೊಡಗಿನ ಮನೆಗಳಿಗೆ ಕೋವಿಯೆಂಬುದು ಹೊಸ ವಸ್ತುವಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದನ್ನು ಹೂವಿಟ್ಟು ಪೂಜಿಸಿ, ಅನಂತರ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದು ಅಲ್ಲಿ ಹಿರಿಯರಿಂದ ಬಂದ ವಾಡಿಕೆ. ಉಳಿದ ಕನ್ನಡನಾಡಿನ ಗೃಹಸ್ಥರ ಮಾತು ಹಾಗಲ್ಲ. ಕಾಲೇಜಿಗೆ ಹೋಗುವ ಮಗನೋ ಮಗಳೋ ಒಂದು ಸಂಜೆ ಬಂದು, "ಅಪ್ಪಾ, ನನಗೆ ಸ್ವಂತದ ರೈಫಲ್ ಬೇಕು" ಎಂದರೆ ತಾಯಿಯ ಎದೆ ಝಲ್ಲೆನ್ನುತ್ತದೆ. ತಂದೆಯ ಮನಸ್ಸು ಉಳಿತಾಯದ ಲೆಕ್ಕದತ್ತ ಓಡುತ್ತದೆ. 2024ರಲ್ಲಿ ಪ್ಯಾರಿಸಿನ ಒಲಿಂಪಿಕ್ ಕೂಟದಲ್ಲಿ ನಮ್ಮ ನೆರೆಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಲೆಯವರು 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಪಡೆದ ಮೇಲೆ, ತರುಣರಲ್ಲಿ ಇಂತಹ ಆಸೆ ಮೂಡುವುದು ಸಹಜವೇ ಆಗಿದೆ. ಆಸೆಯನ್ನು ಚಿವುಟಬೇಕೆಂದು ನಾವು ಹೇಳೆವು. ಆದರೆ ಹಲವು ಲಕ್ಷ ರೂಪಾಯಿಗಳನ್ನು ಸುರಿದು ತಂದ ಕೋವಿ ಮಗುವಿನ ಮೈಗೆ ಒಗ್ಗದೆ ಮೂಲೆಗೆ ಬಿದ್ದರೆ, ಹಣದೊಡನೆ ಉತ್ಸಾಹವೂ ಹಾಳಾದಂತೆಯೇ ಸರಿ. ಆದುದರಿಂದ ಕೊಳ್ಳುವ ಮುನ್ನ ತಿಳಿದಿರತಕ್ಕ ಕೆಲವು ವಿಷಯಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ಈ ಸ್ಪರ್ಧೆಯ ಸ್ವರೂಪವನ್ನು ನೋಡೋಣ. ಇದರಲ್ಲಿ ಬಳಸುವುದು 5.6 ಮಿಲಿಮೀಟರ್ ವ್ಯಾಸದ ಗುಂಡು. ಪಾಯಿಂಟ್ ಟೂ-ಟೂ ಎಂದು ಎಲ್ಲರೂ ಕರೆಯುವುದು ಇದನ್ನೇ. ಮೊದಲ ಸುತ್ತಿನಲ್ಲಿ ಮಂಡಿಯೂರಿ 20, ಮಲಗಿ 20, ನಿಂತು 20, ಹೀಗೆ 60 ಗುಂಡುಗಳನ್ನು ಹಾರಿಸಬೇಕು. 50 ಮೀಟರು ದೂರದ ಗುರಿಯ ನಡುವೆ, ಹತ್ತು ಅಂಕ ಕೊಡುವ ವೃತ್ತದ ಅಡ್ಡಳತೆ 10.4 ಮಿಲಿಮೀಟರು ಮಾತ್ರ. ಎಂದರೆ ಅಂಗಿಯ ಒಂದು ಗುಂಡಿಯಷ್ಟು! ದೂರದರ್ಶಕದ ಸಹಾಯವೂ ಇಲ್ಲ. ಹಿಂದಿನ ಸಣ್ಣ ರಂಧ್ರ, ಮುಂದಿನ ಉಂಗುರ, ಅದರಾಚೆ ಗುರಿಯ ಕಪ್ಪು, ಈ ಮೂರನ್ನೂ ಒಂದರೊಳಗೊಂದು ಕೂಡಿಸಿ ನೋಡಬೇಕು. ರಂಧ್ರಕ್ಕೂ ಉಂಗುರಕ್ಕೂ ನಡುವೆ 80 ಸೆಂಟಿಮೀಟರು ಅಂತರವಿದೆಯೆಂದಿಟ್ಟುಕೊಂಡರೆ, ಅಲ್ಲಿ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ತಪ್ಪಿದರೂ ಗುರಿಯಲ್ಲಿ ಗುಂಡು 6 ಮಿಲಿಮೀಟರಿಗೂ ಹೆಚ್ಚು ಸರಿಯುತ್ತದೆ. ತೆಂಗಿನಕಾಯಿಗೆ ಸಾಕಾಗುವ ಕೋವಿ ಇಲ್ಲಿ ಸಾಲದೆಂಬುದು ಇಷ್ಟರಿಂದಲೇ ವಿದಿತವಾಗುವುದು.

ಹೀಗಿರುವುದರಿಂದ ಅತ್ಯಂತ ಹೆಸರುವಾಸಿಯಾದ, ಅತ್ಯಂತ ಬೆಲೆಯುಳ್ಳ ಕೋವಿಯೇ ಉತ್ತಮವೆಂದು ಜನರು ಭಾವಿಸುವರು. ಜರ್ಮನಿಯ ಆನ್‌ಶುಟ್ಜ್, ವಾಲ್ಥರ್, ಫೈನ್‌ವೆರ್ಕ್‌ಬೌ, ಸ್ವಿಟ್ಜರ್ಲೆಂಡಿನ ಬ್ಲೈಕರ್, ಗ್ರೂನಿಗ್-ಎಲ್ಮಿಗರ್ ಮೊದಲಾದ ತಯಾರಕರ ಸ್ಪರ್ಧಾಕೋವಿಗಳು ಲೋಕಪ್ರಸಿದ್ಧವಾದುವು. ಇವುಗಳೊಳಗೆ ಯಾವುದಾದರೂ ಕಲಿಯುವವನ ಕೈಗಿಂತ ಚೆನ್ನಾಗಿಯೇ ಗುಂಡು ಹೊಡೆಯುತ್ತದೆ. ಆದಕಾರಣ ಕೇಳಬೇಕಾದ ಪ್ರಶ್ನೆ "ಯಾವ ಹೆಸರು?" ಎಂಬುದಲ್ಲ, "ಈ ಮೈಗೆ ಯಾವುದು ಹೊಂದುತ್ತದೆ?" ಎಂಬುದು. ಪಾದರಕ್ಷೆಯನ್ನು ಅಂಗಡಿಯ ಹೆಸರು ನೋಡಿ ಕೊಳ್ಳುವೆವೆ, ಕಾಲಿಗೆ ಹಾಕಿ ನೋಡಿ ಕೊಳ್ಳುವೆವೆ?

ಹೊಂದಿಕೆಯನ್ನು ಪರೀಕ್ಷಿಸುವ ಬಗೆ ಸುಲಭವಾದುದು. ಬರಿದಾದ ಕೋವಿಯನ್ನು ಭುಜಕ್ಕೆ ಒರಗಿಸಿ, ಕೆನ್ನೆಯನ್ನು ಅದರ ಆಸರೆಯ ಮೇಲೆ ಹಗುರವಾಗಿ ಇಟ್ಟು, ಕಣ್ಣುಗಳನ್ನು ಮುಚ್ಚಿ ನಾಲ್ಕಾರು ಬಾರಿ ಉಸಿರಾಡಬೇಕು. ಬಳಿಕ ಕಣ್ಣು ತೆರೆದಾಗ ಹಿಂದಿನ ರಂಧ್ರದ ನಡುವೆ ಮುಂದಿನ ಉಂಗುರವು ತಾನಾಗಿ ಕಾಣಬೇಕು. ಕತ್ತನ್ನು ಚಾಚಿಯೋ ತಲೆಯನ್ನು ವಾಲಿಸಿಯೋ ಅದನ್ನು ಹುಡುಕಬೇಕಾದರೆ, ಕೋವಿ ಇನ್ನೂ ಮೈಗೆ ಕೂಡಿಲ್ಲ. ಭುಜದ ತಟ್ಟೆ, ಕೆನ್ನೆಯ ಆಸರೆ, ಕೈಯ ತಡೆ, ಇವೆಲ್ಲ ಮೇಲೆ ಕೆಳಗೆ, ಹಿಂದೆ ಮುಂದೆ ಸರಿಯುವಂತಿರುವ ಕೋವಿಯನ್ನೇ ಆರಿಸತಕ್ಕದ್ದು. ಬೆಳೆಯುವ ಮಕ್ಕಳಿಗಂತೂ ಇದು ಅತ್ಯಾವಶ್ಯಕ. ಇಂದಿನ ಅಳತೆ ಬರುವ ವರ್ಷಕ್ಕೆ ಆಗಲಾರದಷ್ಟೆ.

ಕಣ್ಣಿನ ವಿಷಯವನ್ನೂ ಮರೆಯಲಾಗದು. ನಮ್ಮ ಎರಡು ಕಣ್ಣುಗಳಲ್ಲಿ ಒಂದು ಇನ್ನೊಂದಕ್ಕಿಂತ ಮುಂದಾಳು. ಎರಡು ಅಂಗೈಗಳನ್ನು ಮುಂದೆ ಚಾಚಿ, ಅವುಗಳ ನಡುವೆ ಚಿಕ್ಕ ಕಿಂಡಿ ಮಾಡಿ, ದೂರದ ದೀಪವೊಂದನ್ನು ನೋಡಿರಿ. ಅನಂತರ ಒಂದೊಂದೇ ಕಣ್ಣನ್ನು ಮುಚ್ಚಿರಿ. ಯಾವ ಕಣ್ಣನ್ನು ಮುಚ್ಚಿದಾಗ ದೀಪ ಮರೆಯಾಗುವುದೋ ಅದೇ ಮುಂದಾಳು ಕಣ್ಣು. ಎಡಗಣ್ಣು ಮುಂದಾದವರಿಗೆ, ಎಡಗೈಯವರಿಗೆ, ಬೇರೆಯಾಗಿ ಮಾಡಿದ ಕೋವಿಗಳುಂಟು. ಕೊಂಡ ಮೇಲೆ ಇದನ್ನು ಅರಿತರೆ ಫಲವೇನು?

ಇನ್ನು ತೂಕ. ನಿಯಮದಂತೆ ಈ ಸ್ಪರ್ಧೆಯ ಕೋವಿ 8 ಕಿಲೋಗ್ರಾಮಿಗೆ ಮೀರಕೂಡದು. ಭಾರವಾದ ಕೋವಿ ಕೈಯಲ್ಲಿ ಕಡಿಮೆ ಅಲುಗುತ್ತದೆಂಬುದು ನಿಜ. ಆದರೆ ನಿಂತು ಗುರಿಯಿಡುವಾಗ ಬೆನ್ನು ಹಿಂದಕ್ಕೂ ಪಕ್ಕಕ್ಕೂ ಬಾಗಿ ಆ ಭಾರವನ್ನೆಲ್ಲ ಹೊರುತ್ತದೆ, ಹೊತ್ತುಗಟ್ಟಳೆ ಹೊರುತ್ತದೆ. ಎಳೆಯ ಬೆನ್ನಿಗೆ ಇದು ಸಣ್ಣ ಮಾತಲ್ಲ. ಆದುದರಿಂದ ಹಗುರವಾದ ಕೋವಿಯಿಂದ ಆರಂಭಿಸಿ, ಮೈ ಬಲಿತಂತೆ ತೂಕವನ್ನು ಕೂಡಿಸಿಕೊಳ್ಳುವುದು ವಿವೇಕ. ಇದಕ್ಕೆಂದೇ ಬೇಕಾದಾಗ ಸಿಕ್ಕಿಸುವ ಸಣ್ಣ ತೂಕಗಳು ದೊರೆಯುತ್ತವೆ.

ನಳಿಗೆಯ ಗುಣವನ್ನು ಕಣ್ಣಿನಿಂದ ತಿಳಿಯಲಾಗದು. ಕಾಗದವೇ ಅದಕ್ಕೆ ಸಾಕ್ಷಿ. ಒಂದೇ ಕಾರ್ಖಾನೆಯ ಎರಡು ನಳಿಗೆಗಳು ಒಂದೇ ತೋಟಾವನ್ನು ಸಮನಾಗಿ ಮೆಚ್ಚುವುದಿಲ್ಲ. ತೋಟಾಗಳ ಪೆಟ್ಟಿಗೆಯ ಮೇಲೆ ತಂಡದ ಸಂಖ್ಯೆಯೊಂದು ಅಚ್ಚಾಗಿರುತ್ತದೆ. ಒಂದು ತಂಡ ಒಂದು ನಳಿಗೆಯಲ್ಲಿ ಹತ್ತು ಗುಂಡುಗಳನ್ನೂ ಒಂದೇ ಕಡೆ ಇಟ್ಟರೆ, ಇನ್ನೊಂದು ತಂಡ ಅದೇ ನಳಿಗೆಯಲ್ಲಿ ಚೆದರಿಸಬಹುದು. ಆದಕಾರಣ ಅನುಭವಿಗಳು ಕೋವಿಯನ್ನು ಬಿಗಿಯಾಗಿ ಕಟ್ಟಿ, ಬೇರೆ ಬೇರೆ ತಂಡಗಳಿಂದ ಹತ್ತು ಹತ್ತು ಗುಂಡು ಹಾರಿಸಿ, ಒಪ್ಪಿದುದನ್ನು ಮಾತ್ರ ಹೆಚ್ಚಾಗಿ ಕೊಳ್ಳುವರು. ಹಳೆಯ ಕೋವಿಯನ್ನು ಕೊಳ್ಳುವವರಿಗೂ ಇದೇ ಪರೀಕ್ಷೆ. ಮೆದುವಾದ ಸೀಸದ ಗುಂಡು ನಳಿಗೆಯನ್ನು ಬೇಗ ಸವೆಸುವುದಿಲ್ಲವಾದ್ದರಿಂದ, ಚೆನ್ನಾಗಿ ಕಾಪಾಡಿದ ಹಳೆಯ ಸ್ಪರ್ಧಾಕೋವಿ ಹೊಸದರಷ್ಟೇ ಕೆಲಸ ಮಾಡಬಲ್ಲುದು. ತುಕ್ಕನ್ನೂ, ಶುಚಿಮಾಡುವ ಕಡ್ಡಿ ಒರಟಾಗಿ ಉಜ್ಜಿ ಕೆಡಿಸಿದ ನಳಿಗೆಯ ಬಾಯನ್ನೂ ಮಾತ್ರ ಎಚ್ಚರದಿಂದ ನೋಡತಕ್ಕದ್ದು.

ಹಣವನ್ನು ಯಾವ ಕ್ರಮದಲ್ಲಿ ವ್ಯಯಮಾಡಬೇಕು? ನಮ್ಮ ಅಭಿಪ್ರಾಯದಲ್ಲಿ ಕೋವಿ ಕಡೆಯದು. 10 ಮೀಟರು ದೂರದ ವಾಯುಕೋವಿಯಿಂದ ಆರಂಭವಾಗಲಿ. ನಿಲುವು, ಉಸಿರು, ಬೆರಳಿನ ಹತೋಟಿ ಮೊದಲಾದುವನ್ನು ಅದು ಕಡಿಮೆ ವೆಚ್ಚದಲ್ಲಿ ಕಲಿಸುತ್ತದೆ. ಬಳಿಕ ಕ್ಲಬ್ಬಿನ ಪಾಯಿಂಟ್ ಟೂ-ಟೂ ಕೋವಿಯಲ್ಲಿ ಒಂದು ಋತುವಾದರೂ ಅಭ್ಯಾಸ ನಡೆಯಲಿ. ಒಳ್ಳೆಯ ಗುರು, ಮೈಗೆ ಸರಿಯಾದ ದಪ್ಪನೆಯ ಅಂಗಿ, ಸಾಕಷ್ಟು ತೋಟಾ, ಇವು ಮುಂದಿನವು. ಇಷ್ಟಾದ ಮೇಲೂ ಮಗು ಬೆಳಗ್ಗೆ ತಾನಾಗಿ ಎದ್ದು ಅಭ್ಯಾಸಕ್ಕೆ ಹೊರಟರೆ, ಆಗ ಸ್ವಂತದ ಕೋವಿಯ ಮಾತು.

ಕಾಯಿದೆಯನ್ನೂ ಮನೆಯವರು ತಿಳಿದಿರಬೇಕು. ಕೊಡವರಿಗೆ ಹಿಂದಿನಿಂದ ಬಂದ ವಿನಾಯಿತಿಯೊಂದುಂಟು. ಉಳಿದವರು 1959ರ ಶಸ್ತ್ರ ಕಾಯಿದೆಯಂತೆ ಪಾಯಿಂಟ್ ಟೂ-ಟೂ ಕೋವಿಗೆ ಲೈಸೆನ್ಸು ಪಡೆಯಲೇಬೇಕು. 1951ರಲ್ಲಿ ಸ್ಥಾಪಿತವಾದ ಭಾರತದ ರಾಷ್ಟ್ರೀಯ ರೈಫಲ್ ಸಂಘಕ್ಕೆ ಸೇರಿದ ಕ್ಲಬ್ಬಿನ ಮೂಲಕ ನಡೆದರೆ ಲೈಸೆನ್ಸಿನ ದಾರಿಯೂ, ವಿದೇಶದಿಂದ ತರಿಸುವ ದಾರಿಯೂ ಸ್ಪಷ್ಟವಾಗುವುದು. ಲೈಸೆನ್ಸಿಲ್ಲದೆ ಕೊಡುವೆನೆನ್ನುವವನನ್ನು ಬಾಗಿಲಿನಿಂದಲೇ ಕಳುಹಿಸಿರಿ.

ಕಡೆಯದಾಗಿ, ಗೃಹಿಣಿಯರಿಗೆ ಒಂದು ಮಾತು. ಇದು ಆಟದ ಕೋವಿಯೆಂದು ಯಾರೂ ಅಲಕ್ಷಿಸಬಾರದು. ಈ ಪುಟ್ಟ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲುದು, ಹತ್ತಿರದಲ್ಲಿ ಪ್ರಾಣವನ್ನೂ ತೆಗೆಯಬಲ್ಲುದು. ಮನೆಯಲ್ಲಿ ಕೋವಿಯ ಬೋಲ್ಟನ್ನು ತೆಗೆದು ಬೇರೆಯಿಡಬೇಕು. ಕೋವಿಗೊಂದು ಬೀಗ, ತೋಟಾಗಳಿಗೆ ಇನ್ನೊಂದು ಬೀಗ. ಬೀಗದ ಕೈ ಹಿರಿಯರಲ್ಲಿ. ಬರಿದಾಗಿದೆಯೆಂದು ತಿಳಿದಿದ್ದರೂ ಅದನ್ನು ಯಾರ ಕಡೆಗೂ ತಿರುಗಿಸಕೂಡದು. ಅಭ್ಯಾಸದಿಂದ ಬಂದ ಮಕ್ಕಳು ಸೀಸದ ಧೂಳು ಹೋಗುವಂತೆ ಕೈತೊಳೆದೇ ಊಟಕ್ಕೆ ಕೂಡಬೇಕು.

ಈ ಶಿಸ್ತಿಗೆ ಒಗ್ಗಿದ ಮಗುವಿಗೆ ಕೋವಿಯನ್ನು ಕೊಡಿಸಲು ತಂದೆತಾಯಿಗಳು ಅಂಜಬೇಕಾದುದಿಲ್ಲ. ಒಗ್ಗದ ಮಗುವಿಗೆ ಎಷ್ಟು ಬೆಲೆಯ ಕೋವಿಯನ್ನು ತಂದುಕೊಟ್ಟರೂ ಹತ್ತರ ವೃತ್ತವು ದೂರವೇ ಉಳಿಯುವುದು.