‘ಖಾಸಗಿ’ ಎಂಬ ಶಬ್ದವೂ ತೊರಗಲ್ ನಾಡಿನ ಸಾರ್ವಜನಿಕ ಸೇವೆಗಳೂ

ಊರಿನ ನೀರು, ಬೀದಿಯ ದೀಪ, ಕಸದ ವಿಲೇವಾರಿ ಮೊದಲಾದ ಕಾರ್ಯಗಳನ್ನು ಖಾಸಗಿಯವರಿಗೆ ಒಪ್ಪಿಸಬಹುದೋ ಒಪ್ಪಿಸಬಾರದೋ ಎಂಬ ಚರ್ಚೆಯು ಸ್ಥಳೀಯ ಸಂಸ್ಥೆಗಳ ಚುನಾವಣೆಯ ಕಾಲದಲ್ಲಿ ತಲೆಯೆತ್ತುವುದು ಸಹಜವೇ. ಅಂಥ ಚರ್ಚೆಯಲ್ಲಿ ಒಂದು ಪಕ್ಷದವರು ‘ಖಾಸಗಿ’ ಎಂಬ ಶಬ್ದವನ್ನು ಬೈಗುಳವಾಗಿಯೂ ಇನ್ನೊಂದು ಪಕ್ಷದವರು ಔಷಧವಾಗಿಯೂ ಪ್ರಯೋಗಿಸುವರು. ಶಬ್ದವೇನೋ ಒಂದೇ, ಆದರೆ ಅದರಿಂದ ಸೂಚಿತವಾಗುವ ಅರ್ಥ ಒಂದೇ ಅಲ್ಲ. ಒಡೆತನ, ನಿರ್ವಹಣೆ, ದರನಿರ್ಣಯ, ಲೆಕ್ಕ ಕೇಳುವ ಅಧಿಕಾರ ಎಂಬ ನಾಲ್ಕು ಬೇರೆ ಬೇರೆ ಸಂಗತಿಗಳು ಅದರಲ್ಲಿ ಅಡಗಿರುತ್ತವೆ. ಇವನ್ನು ಬಿಡಿಸಿ ನೋಡದ ಹೊರತು, ತನ್ನ ಮತದಿಂದ ಏನನ್ನು ಬದಲಿಸಬಲ್ಲೆನೆಂಬುದು ಮತದಾರನಿಗೆ ತಿಳಿಯಲಾರದು. ಈ ವಿಷಯವನ್ನು ತೊರಗಲ್ ನಾಡಿನ ಇತಿಹಾಸದ ಆಧಾರದಿಂದ ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ಮೊದಲು ಶಬ್ದವನ್ನೇ ವಿಚಾರಿಸೋಣ. ‘ಖಾಸ್’ ಎಂಬುದು ಅರಬೀ ಮೂಲದ ಶಬ್ದ. ವಿಶೇಷವಾದುದು, ಸ್ವಂತದ್ದು ಎಂದು ಅದರ ಅರ್ಥ. ಅದು ಪಾರಸಿಯ ಮೂಲಕ ಮರಾಠಿಗೂ ಕನ್ನಡಕ್ಕೂ ಬಂದಿತು. ಮರಾಠಾ ಸಂಸ್ಥಾನಗಳ ಆಡಳಿತದಲ್ಲಿ ರಾಜ್ಯದ ಉತ್ಪನ್ನಕ್ಕೆ ‘ದೌಲತ್’ ಎಂದೂ ಅರಸುಮನೆತನದ ಸ್ವಂತ ಉತ್ಪನ್ನಕ್ಕೆ ‘ಖಾಸಗಿ’ ಎಂದೂ ಹೆಸರಿತ್ತು. ಇಂದೂರಿನ ಹೋಳ್ಕರರಲ್ಲಿ ಈ ಭೇದವು ಪ್ರಸಿದ್ಧವಾಗಿದೆ. ಕೊಲ್ಲಾಪುರದ ಅಧೀನದಲ್ಲಿ ತೊರಗಲ್ ಜಹಗೀರನ್ನು ಆಳಿದ ಶಿಂದೆ ಮನೆತನದವರ ‘ಸೇನಾಖಾಸಖೇಲ’ ಎಂಬ ಬಿರುದಿನಲ್ಲಿಯೂ ಇದೇ ‘ಖಾಸ್’ ಇದೆ. ಆದಕಾರಣ ‘ಖಾಸಗಿ’ ಎಂದರೆ ಆಗ ಪ್ರಭುವಿಗೆ ಸೇರಿದ್ದು. ಈಗಲಾದರೋ ಪ್ರಭುತ್ವಕ್ಕೆ ಸೇರದೆ ಇದ್ದದ್ದು. ಶಬ್ದವು ನಿಂತಲ್ಲಿಯೇ ನಿಂತಿದೆ. ಪ್ರಭುತ್ವವು ಒಬ್ಬನ ಮನೆಯಿಂದ ಪ್ರಜೆಗಳ ಕಡೆಗೆ ಸರಿದುದರಿಂದ ಅರ್ಥವು ತಿರುಗಿ ನಿಂತಿತು. ಇದಕ್ಕೆ ಪ್ರತಿಯಾದ ‘ಸಾರ್ವಜನಿಕ’ ಎಂಬ ಸಂಸ್ಕೃತ ಶಬ್ದಕ್ಕೆ ಮುಂಬಯಿ ಇಲಾಖೆಯ ರಾಜಕಾರಣದಲ್ಲಿ ಬಳಕೆಯನ್ನು ಹೆಚ್ಚಿಸಿದ ಸಂಸ್ಥೆಗಳಲ್ಲಿ, 1870ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಾರ್ವಜನಿಕ ಸಭೆಯು ಮುಖ್ಯವಾದುದು.

ಈ ಭೇದವನ್ನು ಅರಿಯಲು ತೊರಗಲ್ ಸೀಮೆಯಷ್ಟು ಅನುಕೂಲವಾದ ಕ್ಷೇತ್ರ ವಿರಳ. ಶಾಸನಗಳ ‘ತೊರಗಲೆ ಆರುಸಾಸಿರ’ದ ಹೆಸರನ್ನು ಹೊತ್ತ ಈ ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಹಲವು ಬಗೆಯ ಆಳಿಕೆಗಳು ಅಕ್ಕಪಕ್ಕದಲ್ಲಿದ್ದವು. ಕಿತ್ತೂರ ದೇಸಗತಿಯು 1824ರಲ್ಲಿ ಬಿದ್ದಿತು. ಸವದತ್ತಿಯು ಪರಸಗಡ ತಾಲೂಕಿನ, ಬೈಲಹೊಂಗಲವು ಸಂಪಗಾವಿ ತಾಲೂಕಿನ ಮುಖ್ಯಸ್ಥಳಗಳಾಗಿ ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿ 1948ರ ವರೆಗೆ ಉಳಿಯಿತು. ತೊರಗಲ್ ಜಹಗೀರು ಕೊಲ್ಲಾಪುರದೊಡನೆ 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಒಂದೇ ಮಲಪ್ರಭೆಯ ನೀರನ್ನು ಕುಡಿಯುವ ಜನರಲ್ಲಿ ಕೆಲವರಿಗೆ ಲೆಕ್ಕ ಕೇಳಲು ಕಲೆಕ್ಟರನಿದ್ದನು, ಕೆಲವರಿಗೆ ಸಂಸ್ಥಾನಿಕನಿದ್ದನು, ಕೆಲವರಿಗೆ ಜಹಗೀರದಾರನಿದ್ದನು.

ಇದಕ್ಕೂ ಹಿಂದೆ ಹೋದರೆ, ಕನ್ನಡ ಶಾಸನಗಳಲ್ಲಿ ಮೇಲೆ ಹೇಳಿದ ಸಂಗತಿಗಳು ಬೇರೆ ಬೇರೆಯಾಗಿಯೇ ಕಾಣುತ್ತವೆ. ಕೆರೆಯನ್ನು ಕಟ್ಟಿಸುವವನು ಅನೇಕ ವೇಳೆ ಅರಸನಲ್ಲ. ಒಬ್ಬ ಗೃಹಸ್ಥನೋ ಅಧಿಕಾರಿಯೋ ಆಗಿರುವನು. ಕಟ್ಟಿದವನಿಗೂ ಕಾಯುವವನಿಗೂ ಕೊಟ್ಟ ಭೂಮಿಗೆ ‘ಕಟ್ಟುಗೊಡಗೆ’ ಎಂದು ಹೆಸರು. ಕೆರೆಯ ಸಲುವಾಗಿ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲಿಗೆ ‘ಬಿತ್ತುವಟ್ಟ’ವೆಂದು ಹೆಸರು. ಖಾಸಗಿಯವನು ಕಟ್ಟಿದ ಮಾತ್ರಕ್ಕೆ ನೀರು ಅವನದಾಗುತ್ತಿರಲಿಲ್ಲ. ಕಾಯುವವನಿಗೆ ಪ್ರತಿಫಲ ಸಿಕ್ಕಿದ ಮಾತ್ರಕ್ಕೆ ಧರ್ಮವು ಕೆಡುತ್ತಿರಲಿಲ್ಲ. ಆದರೆ ತಪ್ಪಿದವನನ್ನು ವಿಚಾರಿಸುವವರು ಯಾರೆಂಬ ಪ್ರಶ್ನೆ ಬಂದಾಗ ಶಾಸನಗಳು ಬಹುಮಟ್ಟಿಗೆ ಕೊನೆಯ ಶಾಪಾಶಯವನ್ನೇ ನೆಚ್ಚಿಕೊಂಡಿವೆ. ಲೆಕ್ಕ ಕೇಳುವ ಅಧಿಕಾರವು ಹಳೆಯ ವ್ಯವಸ್ಥೆಯ ದುರ್ಬಲವಾದ ಅಂಗವಾಗಿತ್ತು.

ಹಾಗೆಂದು ‘ಸಾರ್ವಜನಿಕ’ವೆಂಬ ಹೆಸರೊಂದರಿಂದಲೇ ಎಲ್ಲವೂ ಸರ್ವಜನರಿಗೆ ದೊರೆಯಿತೆಂದು ತಿಳಿಯಕೂಡದು. ಬೆಳಗಾವಿ ಜಿಲ್ಲೆಯು ಅಂದು ಸೇರಿದ್ದ ಮುಂಬಯಿ ಇಲಾಖೆಯಲ್ಲಿಯೇ ಇದಕ್ಕೆ ನಿದರ್ಶನವಿದೆ. ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆಯಬೇಕೆಂದು ಇಲಾಖೆಯ ಶಾಸನಸಭೆಯು 1923ರಲ್ಲಿ ನಿರ್ಣಯಿಸಿತು. ಮಹಾಡದ ಪುರಸಭೆಯು ಅದನ್ನು ಅಂಗೀಕರಿಸಿತು. ಆದರೂ 1927ರಲ್ಲಿ ಡಾಕ್ಟರ್ ಅಂಬೇಡಕರರು ಅಲ್ಲಿಯ ಚವದಾರ ಕೆರೆಯ ನೀರನ್ನು ಮುಟ್ಟಿದಾಗ ಸವರ್ಣೀಯರು ನ್ಯಾಯಾಲಯಕ್ಕೆ ಹೋಗಿ, ಆ ಕೆರೆಯು ಸಾರ್ವಜನಿಕವಲ್ಲ, ತಮ್ಮ ಖಾಸಗಿ ಸ್ವತ್ತು ಎಂದು ವಾದಿಸಿದರು. 1937ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಅವರಿಗೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ಹತ್ತು ವರ್ಷಗಳ ಈ ವ್ಯಾಜ್ಯವು ಒಂದು ವಿಶೇಷಣದ ಮೇಲೆ ಎಷ್ಟು ಜನರ ಬಾಯಾರಿಕೆ ನಿಂತಿತ್ತೆಂಬುದನ್ನು ತೋರಿಸುತ್ತದೆ.

ಈಗ ತೊರಗಲ್ ನಾಡಿನ ನೀರಿಗೆ ಮರಳೋಣ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಜಲಾಶಯವು ರೇಣುಕಾಸಾಗರವೆನಿಸುತ್ತದೆ. ಈ ಯೋಜನೆಯು ಸರಕಾರದ್ದೇ. ಆದರೂ ಅದರ ಅಚ್ಚುಕಟ್ಟಿನಲ್ಲಿ ಸರಕಾರವು ವಿಧಿಸಿದ ಅಭಿವೃದ್ಧಿ ಕರವನ್ನು ವಿರೋಧಿಸಿ ರೈತರು ದಂಗೆಯೆದ್ದರು; 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಗೋಲಿಬಾರು ನಡೆಯಿತು. ಒಡೆತನವು ಸರಕಾರದ್ದಾದ ಮಾತ್ರಕ್ಕೆ ದರವು ನ್ಯಾಯವಾಗುವುದೆಂಬ ನಿಯಮವಿಲ್ಲವೆಂದು ಇದರಿಂದ ಸಿದ್ಧವಾಗುತ್ತದೆ.

ಇದೇ ಜಲಾಶಯದ ನೀರು ಹುಬ್ಬಳ್ಳಿ ಧಾರವಾಡಗಳಿಗೂ ಹೋಗುತ್ತದೆ. 2004ರಲ್ಲಿ ಮಂಜೂರಾದ ವಿಶ್ವಬ್ಯಾಂಕಿನ ಸಾಲದಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಭಾಗಗಳಲ್ಲಿ ನಿರಂತರ ನೀರಿನ ಪ್ರಯೋಗವು ನಡೆಯಿತು. ನಿರ್ವಹಣೆಯನ್ನು ಫ್ರಾನ್ಸಿನ ವಿಯೋಲಿಯಾ ಸಂಸ್ಥೆಗೆ ಒಪ್ಪಿಸಲಾಯಿತು. ಕೊಳವೆಗಳು ಮಾತ್ರ ಪಾಲಿಕೆಗಳವೇ ಆಗಿ ಉಳಿದವು. ಆಮೇಲಿನ ಯೋಜನೆಯಲ್ಲಿ ಲಾರ್ಸನ್ ಆಂಡ್ ಟೂಬ್ರೊ ಕಂಪನಿಗೆ ಗುತ್ತಿಗೆ ದೊರೆಯಿತು. ಇದನ್ನು ‘ನೀರನ್ನು ಮಾರಿದರು’ ಎನ್ನುವವರು ಒಡೆತನವನ್ನೂ ನಿರ್ವಹಣೆಯನ್ನೂ ಒಂದೆಂದು ತಿಳಿಯುವರು. ‘ಏನೂ ಬದಲಾಗಿಲ್ಲ’ ಎನ್ನುವವರು ಲೆಕ್ಕ ಕೇಳುವ ಅಧಿಕಾರವನ್ನು ಮರೆಯುವರು. ಹುಬ್ಬಳ್ಳಿ–ಧಾರವಾಡ ಮತ್ತು ಬೆಳಗಾವಿ ಪಾಲಿಕೆಗಳ ಚುನಾಯಿತ ಸದಸ್ಯರ ಅವಧಿಯು 2019ರಲ್ಲಿ ಮುಗಿದಿತ್ತು. ಮುಂದಿನ ಚುನಾವಣೆ ನಡೆದುದು 2021ರ ಸೆಪ್ಟೆಂಬರ್ 3ರಂದು. ನಡುವಣ ಕಾಲವೆಲ್ಲ ಆಡಳಿತಾಧಿಕಾರಿಗಳದಾಗಿತ್ತು. ಇಂಥ ಅವಧಿಯಲ್ಲಿ ದೀರ್ಘಕಾಲದ ಒಪ್ಪಂದವು ಯಾವುದಾದರೂ ಆದರೆ, ತರುವಾಯ ಆರಿಸಿಬರುವ ಸದಸ್ಯನು ತಾನು ಚರ್ಚಿಸದ ಕರಾರಿಗೆ ಉತ್ತರ ಹೇಳಬೇಕಾಗುವುದು.

‘ಕಂಪನಿ’ ಎಂಬ ಶಬ್ದವೂ ಇಷ್ಟೇ ಭ್ರಾಂತಿಜನಕವಾದುದು. ಬೆಳಗಾವಿ ಜಿಲ್ಲೆಗೆ ವಿದ್ಯುತ್ತನ್ನು ಹಂಚುವ ಹೆಸ್ಕಾಂ 2002ರಲ್ಲಿ ಕಂಪನಿಯ ರೂಪದಲ್ಲಿ ಹುಟ್ಟಿದರೂ ಅದರ ಒಡೆತನವು ರಾಜ್ಯ ಸರಕಾರದ್ದೇ. ಅದೇ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಾದರೋ ಸರಕಾರಿಯೂ ಅಲ್ಲ, ರೂಢಿಯ ಅರ್ಥದಲ್ಲಿ ಖಾಸಗಿಯೂ ಅಲ್ಲ, ಅದು ಸದಸ್ಯರದು.

1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಬೀದಿಯ ದೀಪ, ನೈರ್ಮಲ್ಯ ಮೊದಲಾದವನ್ನು ಪುರಸಭೆಯ ಕಡ್ಡಾಯ ಕರ್ತವ್ಯಗಳೆಂದು ವಿಧಿಸಿದೆ. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಕರ್ತವ್ಯವನ್ನು ಕೊಡಲಾಗದು. ಆದಕಾರಣ ಸವದತ್ತಿಯಲ್ಲಾಗಲಿ ಬೈಲಹೊಂಗಲದಲ್ಲಾಗಲಿ ಮತ ಕೇಳಲು ಬಂದವನನ್ನು, ನೀನು ಖಾಸಗಿಯ ಪರವೋ ವಿರುದ್ಧವೋ ಎಂದು ಕೇಳುವುದಕ್ಕಿಂತ ಈ ನಾಲ್ಕನ್ನು ಕೇಳುವುದು ಲೇಸು: ಸ್ವತ್ತು ಯಾರದು? ನಡೆಸುವವರು ಯಾರು, ಎಷ್ಟು ಕಾಲ? ದರವನ್ನು ಕಟ್ಟುವವರು ಯಾರು? ನೀರು ಬಾರದ ದಿನ ನಾವು ಯಾರ ಬಾಗಿಲಿಗೆ ಹೋಗಬೇಕು, ಅವರನ್ನು ಬದಲಿಸುವ ಅಧಿಕಾರ ನಮಗಿದೆಯೇ? ಖಾಸಗೀಕರಣವು ಹಿತವೋ ಅಹಿತವೋ ಎಂಬ ತೀರ್ಮಾನವು ಪೌರರದು. ಆ ತೀರ್ಮಾನಕ್ಕೆ ಬೇಕಾದ ಶಬ್ದಗಳನ್ನು ಅರ್ಥಶುದ್ಧಿಯೊಡನೆ ಅವರ ಕೈಗೆ ಕೊಡುವುದು ಭಾಷೆಯನ್ನು ಕಲಿಸುವವರ ಕೆಲಸವಾಗಿದೆ.