ಒಂದು ಸಲ ಇಳಿಸಿ, ಹತ್ತು ಕಂಪ್ಯೂಟರ್‌ಗೆ ಹಾಕಿ!

ಬೆಂಗಳೂರು: ಪ್ರೋಗ್ರಾಮಿಂಗ್ ಕಲಿಯೋ ಹುಡುಗರು ಮೊದಲೆಲ್ಲಾ ಸಾಫ್ಟ್‌ವೇರನ್ನು ಸಿಡಿಯಲ್ಲೇ ತರುತ್ತಿದ್ದರು. ಚಾಮರಾಜಪೇಟೆ, ಬಸವನಗುಡಿ ಕಡೆಯವರಿಗೆ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳೂ ದೂರವಲ್ಲ. ಡಯಲ್-ಅಪ್ ನೆಟ್‌ನಲ್ಲಿ ಒಂದು ಸಿಡಿಯಷ್ಟು, ಅಂದರೆ 700 ಎಂಬಿ ಇಳಿಸೋಕೆ ಒಂದು ದಿನಕ್ಕಿಂತ ಹೆಚ್ಚೇ ಬೇಕಿತ್ತು. ಪಿಸಿಕ್ವೆಸ್ಟ್, ಲಿನಕ್ಸ್ ಫಾರ್ ಯು ಪತ್ರಿಕೆಗಳ ಜೊತೆ ಸಿಡಿ ಬರುತ್ತಿತ್ತು. 2005ರಿಂದ 2011ರವರೆಗೆ ಉಬುಂಟು ಸಿಡಿಯನ್ನು ಕೇಳಿದವರಿಗೆ ಅಂಚೆಯಲ್ಲೇ ಉಚಿತವಾಗಿ ಕಳಿಸುತ್ತಿದ್ದರು.

ಈಗ ನೆಟ್ ಅಗ್ಗ, ನಿಜ. ಆದರೆ ಮೊಬೈಲ್ ಡೇಟಾಗೆ ದಿನದ ಮಿತಿ ಇದೆ. ಟ್ಯೂಷನ್ ಸೆಂಟರ್‌ನ ಹತ್ತು ಕಂಪ್ಯೂಟರ್‌ಗೂ ಬೇರೆ ಬೇರೆ ಇಳಿಸಿದರೆ ಡೇಟಾ ದಂಡ.

ಅದಕ್ಕೆ ದಾರಿ ಸುಲಭ. 'ಆಫ್‌ಲೈನ್ ಇನ್‌ಸ್ಟಾಲರ್' ಅನ್ನೋ ಪೂರ್ತಿ ಫೈಲನ್ನು ಒಮ್ಮೆ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಡಿ ಡ್ರೈವೇ ಇರಲ್ಲ. ಈಗಿನ ಉಬುಂಟು 4.7 ಜಿಬಿಯ ಡಿವಿಡಿಯಲ್ಲೂ ಹಿಡಿಯಲ್ಲ. ಪೈಥಾನ್, ಉಬುಂಟು ಮುಕ್ತ ತಂತ್ರಾಂಶಗಳು. ಪಕ್ಕದ ಮನೆಯವರಿಗೆ ಕಾಪಿ ಮಾಡಿಕೊಟ್ಟರೆ ಕಳ್ಳತನ ಅಲ್ಲ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್‌ಗೆ ಈ ಮಾತು ಅನ್ವಯಿಸಲ್ಲ.

ಒಂದು ಎಚ್ಚರ: ಯಾರೋ ಕೊಟ್ಟ ಡಿಸ್ಕ್, ಪೆನ್‌ಡ್ರೈವನ್ನು ಹಾಗೇ ನಂಬಬೇಡಿ, ವೈರಸ್ ಇರಬಹುದು. ಉಬುಂಟುವಿನಂಥ ತಂತ್ರಾಂಶದ ಅಧಿಕೃತ ತಾಣದಲ್ಲಿ 'ಎಸ್‌ಎಚ್‌ಎ-256' ಅನ್ನೋ ಉದ್ದದ ಗುರುತು ಇರುತ್ತೆ. ವಿಂಡೋಸ್‌ನ 'ಸರ್ಟ್‌ಯುಟಿಲ್' ಕಮಾಂಡ್‌ನಿಂದ ನಿಮ್ಮ ಫೈಲಿನ ಗುರುತು ತೆಗೆದು ತಾಳೆ ನೋಡಿ. ಒಂದಕ್ಷರ ಬೇರೆ ಇದ್ದರೂ ಹಾಕಿಕೊಳ್ಳಬೇಡಿ.