ಊರ ಶಾಲೆಯೋ, ಹೋಬಳಿ ಶಾಲೆಯೋ?

ಬೇಸಿಗೆ ರಜೆ ಮುಗಿಯುತ್ತಾ ಬಂದಂತೆ ಹಳ್ಳಿಯ ಪಾಲಕರಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಮಗುವನ್ನು ಊರಿನ ಸರ್ಕಾರಿ ಶಾಲೆಯಲ್ಲೇ ಬಿಡುವುದೋ, ಇಲ್ಲಾ ಮೂರು ಕಿಲೋಮೀಟರ್ ಆಚೆಯ ಹೋಬಳಿ ಕೇಂದ್ರದ ಸರ್ಕಾರಿ ಶಾಲೆಗೆ ಸೇರಿಸುವುದೋ? ಎರಡೂ ಕಡೆ ಬಿಸಿಯೂಟ ಉಂಟು, ಹಾಲು ಉಂಟು, ಪಠ್ಯಪುಸ್ತಕ ಉಚಿತ. ಶಿಕ್ಷಕರಿಗೆ ಸಂಬಳ ಕೊಡುವ ಇಲಾಖೆಯೂ ಒಂದೇ. ಹಾಗಿದ್ದರೂ ‘ಆ ಶಾಲೆ ಚೆನ್ನಾಗಿದೆಯಂತೆ, ಈ ಶಾಲೆ ಕೆಟ್ಟಿದೆಯಂತೆ’ ಎಂಬ ಮಾತು ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಓಡಾಡುತ್ತದೆ. ಈ ಅಂತೆ-ಕಂತೆ ನಂಬಿ ಟಿ.ಸಿ. ಕೇಳುವ ಮುನ್ನ ಸರಿಯಾಗಿ ಹೋಲಿಸುವುದು ಹೇಗೆಂದು ತಿಳಿದಿರುವುದು ಲೇಸು.

ಅಂಕಿಯ ಆಟ

ಮೊದಲು ಶಿಕ್ಷಕರ ಸಂಖ್ಯೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು ಇರಬೇಕು. ಊರ ಶಾಲೆಯಲ್ಲಿ 24 ಮಕ್ಕಳು, ಇಬ್ಬರು ಶಿಕ್ಷಕರು. ಹೋಬಳಿ ಶಾಲೆಯಲ್ಲಿ 150 ಮಕ್ಕಳು, ಐವರು ಶಿಕ್ಷಕರು ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ 12 ಮಕ್ಕಳಿಗೊಬ್ಬರು, ಎರಡನೆಯದರಲ್ಲಿ 30 ಮಕ್ಕಳಿಗೊಬ್ಬರು. ಕಾಗದದ ಮೇಲೆ ಊರ ಶಾಲೆಯೇ ಮೇಲು.

ಆದರೆ ತರಗತಿಗಳು ಎರಡೂ ಕಡೆ ಐದೇ. ಹೋಬಳಿ ಶಾಲೆಯಲ್ಲಿ ತರಗತಿಗೊಬ್ಬರು ಸಿಗುತ್ತಾರೆ. ಊರ ಶಾಲೆಯಲ್ಲಿ ಇಬ್ಬರೇ ಐದನ್ನೂ ಹಂಚಿಕೊಳ್ಳಬೇಕು. ಒಬ್ಬರು ತರಬೇತಿಗೋ, ಚುನಾವಣೆ ಕೆಲಸಕ್ಕೋ ಹೋದ ದಿನ ಉಳಿದವರೊಬ್ಬರೇ ಇಡೀ ಶಾಲೆ. ಆದ್ದರಿಂದ ‘ಎಷ್ಟು ಮಕ್ಕಳಿಗೊಬ್ಬರು’ ಎನ್ನುವುದರ ಜೊತೆಗೆ ‘ಎಷ್ಟು ತರಗತಿಗೊಬ್ಬರು’ ಎಂದೂ ಕೇಳಬೇಕು.

ಫಲಿತಾಂಶದ ಹೋಲಿಕೆಯಲ್ಲೂ ಇಂಥದೇ ಮೋಸ. ಐದನೇ ತರಗತಿಯಲ್ಲಿ ಐದೇ ಮಕ್ಕಳಿದ್ದರೆ ಒಂದು ಮಗು ಹಿಂದೆ ಬಿದ್ದರೂ ಶಾಲೆಯ ಲೆಕ್ಕ ನೂರರಿಂದ ಎಂಬತ್ತಕ್ಕೆ ಇಳಿಯುತ್ತದೆ. ಐವತ್ತು ಮಕ್ಕಳಿರುವಲ್ಲಿ ಅದೇ ಒಂದು ಮಗುವಿನಿಂದ ಆಗುವ ವ್ಯತ್ಯಾಸ ಶೇ 2 ಮಾತ್ರ. ಸಣ್ಣ ಶಾಲೆಯನ್ನು ಒಂದು ವರ್ಷದ ಅಂಕದಿಂದ ಅಳೆಯಬಾರದು. ಮೂರು-ನಾಲ್ಕು ವರ್ಷ ಒಟ್ಟಿಗೆ ನೋಡಬೇಕು.

ಒಂದೇ ಕೋಣೆ ತಪ್ಪಲ್ಲ

ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಿದ್ದನ್ನು ಕಂಡು ಕೆಲವು ಪಾಲಕರು ಗಾಬರಿಯಾಗುತ್ತಾರೆ. ಅದು ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದದ್ದು. ಮಕ್ಕಳು ಕಾರ್ಡುಗಳ ನೆರವಿನಿಂದ ಮೆಟ್ಟಿಲು ಮೆಟ್ಟಿಲಾಗಿ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಕೇಳಬೇಕಾದ್ದು ಇಷ್ಟೇ: ಕಾರ್ಡುಗಳು ಮಕ್ಕಳ ಕೈಯಲ್ಲಿವೆಯೇ, ಬೀರುವಿನಲ್ಲಿವೆಯೇ?

ನೋಡಬೇಕಾದ್ದು ಏನು?

ಶಾಲೆ ನೋಡಲು ವಾರ್ಷಿಕೋತ್ಸವದ ದಿನ ಹೋಗಬೇಡಿ. ಯಾವುದಾದರೂ ಸಾಧಾರಣ ಬುಧವಾರ ಹೋಗಿ. ಹಾಜರಿ ಪುಸ್ತಕದಲ್ಲಿರುವ ಮಕ್ಕಳಲ್ಲಿ ಎಷ್ಟು ಮಂದಿ ಬಂದಿದ್ದಾರೆ? ಮೂರನೇ ತರಗತಿಯ ಮಗು ತಾನು ನೋಡಿರದ ಪುಟವೊಂದನ್ನು ತಡವರಿಸದೆ ಓದಿ, ಅರ್ಥ ಹೇಳಬಲ್ಲುದೇ? ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮಾಡಬಲ್ಲುದೇ? ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿದೆಯೇ, ಚಿಲಕವಿದೆಯೇ? ಕಥೆ ಪುಸ್ತಕಗಳ ಅಂಚು ಸವೆದಿದೆಯೇ, ಹೊಸದಾಗಿಯೇ ಉಳಿದಿದೆಯೇ? ಶಾಲೆಗೆ ಬಣ್ಣ ಹೊಡೆದಿದ್ದಾರೆಯೇ ಎನ್ನುವುದು ಇವೆಲ್ಲದರ ನಂತರದ ಪ್ರಶ್ನೆ. ಮಕ್ಕಳು, ಶಿಕ್ಷಕರು, ಕೋಣೆಗಳ ಲೆಕ್ಕ ಯು-ಡೈಸ್ ದಾಖಲೆಯಲ್ಲಿ ಸಿಗುತ್ತದೆ. ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ ಇದೆ.

ದಾರಿಯನ್ನೂ ಲೆಕ್ಕಕ್ಕೆ ಸೇರಿಸಿ. ಆರು ವರ್ಷದ ಮಗು ದಿನಕ್ಕೆ ಆರು ಕಿಲೋಮೀಟರ್ ಓಡಾಡಬೇಕಾದರೆ, ಹಳ್ಳ ತುಂಬುವ ಮಳೆಗಾಲದಲ್ಲಿ ಎಷ್ಟು ದಿನ ತಪ್ಪಿಸಿಕೊಳ್ಳುತ್ತದೆ? ಒಳ್ಳೆಯ ಶಾಲೆಯ ಪಾಠವೂ ಹೋಗದ ದಿನ ದಕ್ಕುವುದಿಲ್ಲ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೆಯದರವರೆಗೆ ಓದಿಸಿ, ಕಾಲು ಗಟ್ಟಿಯಾದ ಮೇಲೆ ಹಿರಿಯ ಪ್ರಾಥಮಿಕಕ್ಕೆ ಕಳಿಸುವುದು ಬಹಳ ಮನೆಗಳಿಗೆ ಒಗ್ಗುವ ದಾರಿ.

ಒಬ್ಬರ ನಿರ್ಧಾರ, ಊರಿನ ಫಲ

ಈ ಆಯ್ಕೆ ಒಂದು ಮನೆಯಲ್ಲೇ ಮುಗಿಯುವುದಿಲ್ಲ. ಶಿಕ್ಷಕರ ಹುದ್ದೆ ನಿಂತಿರುವುದು ಮಕ್ಕಳ ಸಂಖ್ಯೆಯ ಮೇಲೆ. 63 ಮಕ್ಕಳ ಶಾಲೆಯಿಂದ ಮೂವರು ಹೊರಟರೆ ಮೂರನೇ ಶಿಕ್ಷಕರು ‘ಹೆಚ್ಚುವರಿ’ ಎನಿಸಬಹುದು. ಅವರು ಹೋದ ಮೇಲೆ ಇನ್ನಷ್ಟು ಮಕ್ಕಳು ಹೊರಡುತ್ತಾರೆ. ಕೊನೆಗೆ ವಿಲೀನದ ಮಾತು ಬರುತ್ತದೆ. ಆಗ ಸೈಕಲ್, ಆಟೊ ಯಾವುದೂ ಇಲ್ಲದ ಕೂಲಿಕಾರರ ಮಗು, ಅದರಲ್ಲೂ ಹೆಣ್ಣುಮಗು, ಮನೆಯಲ್ಲೇ ಉಳಿಯುವ ಅಪಾಯವಿದೆ.

ಹಾಗೆಂದು ಪಾಠವೇ ನಡೆಯದ ಶಾಲೆಯಲ್ಲಿ ಊರಭಿಮಾನಕ್ಕಾಗಿ ಮಗುವನ್ನು ಕೂರಿಸಬೇಕಿಲ್ಲ. ಬಿಡುವ ಮುನ್ನ ಸರಿಪಡಿಸಲು ನೋಡಬಹುದು. ರಾಜ್ಯದಲ್ಲಿ 2001ರಿಂದ ಶಾಲೆಗಳಿಗೆ ಎಸ್‌ಡಿಎಂಸಿ ಇದೆ. ಶಿಕ್ಷಣ ಹಕ್ಕು ಕಾಯ್ದೆ ಹೇಳುವಂತೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಹೋಬಳಿ ಶಾಲೆಯಲ್ಲಿ ಕಂಡ ಒಳ್ಳೆಯದನ್ನು ಪಟ್ಟಿ ಮಾಡಿ, ಊರ ಶಾಲೆಯ ಸಭೆಯಲ್ಲಿ ‘ಇದು ಇಲ್ಲಿ ಯಾಕಿಲ್ಲ?’ ಎಂದು ಕೇಳುವ ಹಕ್ಕು ಪ್ರತಿ ತಾಯಿ-ತಂದೆಗೂ ಇದೆ. ಸಹಿ ಹಾಕಿ ಎದ್ದುಬರುವ ಬದಲು ಆ ಪ್ರಶ್ನೆ ಕೇಳುವವರು ನಾಲ್ಕು ಮಂದಿ ಇದ್ದರೂ ಸಾಕು, ಸಣ್ಣ ಶಾಲೆಗೆ ಜೀವ ಬರುತ್ತದೆ.